ಓಣಿಯ ಹುಲಿ ಪಂದ್ಯದಲ್ಲಿ ಇಲಿಯಾಗುವುದೇಕೆ?

ಶಾಲೆಯ ಬಯಲಿನಲ್ಲಿ ಅವನನ್ನು ಹಿಡಿದವರೇ ಇರಲಿಲ್ಲ. ಒಂಬತ್ತನೆಯ ಇಯತ್ತೆಯ ಹುಡುಗ. ಮೈಯಲ್ಲಿ ಮಾಂಸಕ್ಕಿಂತ ಎಲುಬೇ ಹೆಚ್ಚು. ಆದರೆ ಕಬಡ್ಡಿಯ ನಡುಗೆರೆ ದಾಟಿ ಒಳಹೊಕ್ಕನೆಂದರೆ ಹೊಳೆಯ ಮೀನಿನ ಹಾಗೆ ಜಾರಿ ಬರುತ್ತಿದ್ದ. ಸಂಜೆ ಗಂಟೆ ಬಾರಿಸಿದ ಮೇಲೆ ಊರ ಹಿರಿಯರೂ ಕಟ್ಟೆಯ ಮೇಲೆ ಕೂತು ಅವನ ಆಟ ನೋಡುತ್ತಿದ್ದರು. ಇದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು.

ಆ ವರ್ಷ ರೋಣದಲ್ಲಿ ತಾಲೂಕು ಮಟ್ಟದ ಪಂದ್ಯ. ಆಗಿನ್ನೂ ಗಜೇಂದ್ರಗಡ ಬೇರೆ ತಾಲೂಕಾಗಿರಲಿಲ್ಲ. ಊರುಗಳು ಹೆಚ್ಚು, ತಂಡಗಳೂ ಹೆಚ್ಚು. ತಂಡದ ಜೊತೆ ನಾನೂ ಹೋಗಿದ್ದೆ. ಸೀಟಿ ಊದಿತು. ನಮ್ಮ ಹುಡುಗ ರೇಡಿಗೆ ಹೋದ. ಹತ್ತು ಎಣಿಸುವಷ್ಟರಲ್ಲಿ ಉಸಿರು ಕಡಿಯಿತು, ಔಟಾದ. ಎರಡನೆಯ ಸಲ ಗೆರೆ ದಾಟಿ ನಿಂತಲ್ಲೇ ನಿಂತ, ಹಿಡಿದರು. ಮೂರನೆಯ ಸಲವೂ ಅದೇ ಕಥೆ. ಒಂದು ತಾಸಿನೊಳಗೆ ನಮ್ಮ ತಂಡ ಗಂಟು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಲ್ಲಿತ್ತು.

“ಯಾಕೋ, ಏನಾತೋ?” ಎಂದು ಕೇಳಿದೆ.

“ಗಂಟಲಾ ಒಣಗಿತ್ರಿ ಸರ್. ಕಾಲು ಭೂಮ್ಯಾಗ ಹುಗಿದಂಗ ಆದುವ್ರಿ” ಎಂದ.

ನಾನು ಆಡಬಾರದ ಮಾತು ಆಡಿದೆ. “ಓಣ್ಯಾಗ ಹುಲಿ, ಪಂದ್ಯದಾಗ ಇಲಿ” ಎಂದೆ. ಬಸ್ಸಿನಲ್ಲಿದ್ದ ಹುಡುಗರೆಲ್ಲ ನಕ್ಕರು. ಆ ಹೆಸರು ಅವನಿಗೆ ಅಂಟಿಕೊಂಡಿತು. ಮರುವರ್ಷ ಅವನ ತಂದೆ ಬಂದಾಗ, “ಎಸ್ಸೆಸ್ಸೆಲ್ಸಿ ವರ್ಷ, ಆಟ ಬಿಡಸ್ರಿ” ಎಂದೂ ಹೇಳಿ ಕಳಿಸಿದೆ. ಹುಡುಗ ಆಟ ಬಿಟ್ಟ.

ಹೋದ ವರ್ಷ ಜೂನ್‌ನಲ್ಲಿ ಶಾಲೆ ಶುರುವಾದಾಗ ಆತ ತನ್ನ ಮಗಳನ್ನು ಎಂಟನೆಯ ಇಯತ್ತೆಗೆ ಹಚ್ಚಲು ಬಂದ. ಹುಡುಗಿ ಕಬಡ್ಡಿ ಚೆನ್ನಾಗಿ ಆಡುತ್ತಾಳಂತೆ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ: “ಸರ್, ನನಗ ಸಿಕ್ಕಿದ್ದು ಒಂದ ಮ್ಯಾಚ್ ರೀ. ಆ ಒಂದರಾಗ ನಾ ಎಂಥಾವ ಅಂತ ನೀವೂ ತೀರ್ಮಾನ ಮಾಡಿದ್ರಿ, ನಾನೂ ಮಾಡಿದೆ. ಇಕಿಗೆ ಹಂಗ ಆಗೂದು ಬ್ಯಾಡ್ರಿ.”

ವಿದ್ಯಾರ್ಥಿ ಮಿತ್ರರೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ರಯೋಗಾಲಯದಲ್ಲಿ ಸರಳ ಲೋಲಕದ ಪ್ರಯೋಗ ಮಾಡಿಸುವಾಗ ನಾನು ಏನು ಹೇಳುತ್ತೇನೆ? ಒಂದೇ ಆಂದೋಲನದ ಸಮಯ ಅಳೆಯಬೇಡಿ, ಇಪ್ಪತ್ತು ಆಂದೋಲನ ಎಣಿಸಿ ಸರಾಸರಿ ತೆಗೆಯಿರಿ, ಒಂದು ಅಳತೆಯನ್ನು ನಂಬಬೇಡಿ ಎನ್ನುತ್ತೇನೆ. ಲೋಲಕದ ಗುಂಡಿಗೆ ಕೊಟ್ಟ ನ್ಯಾಯವನ್ನು ಆ ಹುಡುಗನಿಗೆ ನಾನು ಕೊಟ್ಟಿರಲಿಲ್ಲ.

ಮೈಯೊಳಗೆ ಏನಾಗುತ್ತದೆ?

ಮೊದಲು ಆ ಒಣಗಿದ ಗಂಟಲಿನ ವಿಷಯ ನೋಡೋಣ. ನಮ್ಮ ಎರಡೂ ಮೂತ್ರಪಿಂಡಗಳ ತಲೆಯ ಮೇಲೆ ಟೊಪ್ಪಿಗೆಯ ಹಾಗೆ ಒಂದೊಂದು ಸಣ್ಣ ಗ್ರಂಥಿ ಇದೆ. ಅದೇ ಅಡ್ರಿನಲ್ ಗ್ರಂಥಿ. ಅಂಜಿಕೆಯಾಗಲಿ, ಹುರುಪಾಗಲಿ ಬಂದಾಗ ಇದು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಎದೆಬಡಿತ ಏರುತ್ತದೆ. ರಕ್ತ ಹೊಟ್ಟೆಯ ಕಡೆಯಿಂದ ತೋಳು, ತೊಡೆಗಳ ಸ್ನಾಯುಗಳ ಕಡೆಗೆ ಹರಿಯುತ್ತದೆ. ಹೊಟ್ಟೆಯಲ್ಲಿ ತಳಮಳ ಎನ್ನಿಸುವುದು ಇದರಿಂದ. ಇದೇ ಹೊತ್ತಿಗೆ ನರಮಂಡಲ ಜೊಲ್ಲನ್ನು ಕಡಿಮೆ ಮಾಡುತ್ತದೆ, ಬಾಯಿ ಒಣಗುತ್ತದೆ. ಅಂಗೈ ಬೆವರುತ್ತದೆ. ಉಸಿರು ಎದೆಯ ಮೇಲ್ಭಾಗದಲ್ಲೇ ಚಿಕ್ಕಚಿಕ್ಕದಾಗಿ ಆಡುತ್ತದೆ.

ಓಟದ ಸ್ಪರ್ಧೆಯಲ್ಲಿ ಇದು ಅಷ್ಟು ಕೆಡಿಸದು. ಕಬಡ್ಡಿಯ ಮಾತು ಬೇರೆ. ಇಲ್ಲಿ ಒಂದು ರೇಡಿಗೆ ಮೂವತ್ತು ಸೆಕೆಂಡು ಇದೆ. ಅಷ್ಟೂ ಹೊತ್ತು ಉಸಿರು ಕಡಿಯದೆ ‘ಕಬಡ್ಡಿ ಕಬಡ್ಡಿ’ ಎನ್ನುತ್ತಿರಬೇಕು. ಹೆದರಿದವನು ಅರ್ಧ ಉಸಿರಿನಲ್ಲೇ ಗೆರೆ ದಾಟುತ್ತಾನೆ. ಅರ್ಧ ಡಬ್ಬಿ ಎಣ್ಣೆಯ ಲಾಟೀನು ಅರ್ಧ ರಾತ್ರಿಗೇ ಆರುವಂತೆ ಅವನ ದಮ್ಮು ಬೇಗ ಮುಗಿಯುತ್ತದೆ. ಆ ಹುಡುಗನಿಗೆ ಆಗಿದ್ದು ಇಷ್ಟೇ. ಧೈರ್ಯವಿಲ್ಲದ್ದಲ್ಲ, ಮೈ ತನ್ನ ಕೆಲಸ ತಾನು ಮಾಡಿದ್ದು. ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನಪತ್ರಿಕೆ ಕೈಗೆ ಬಂದ ಕ್ಷಣ ನಿಮಗೆ ಆಗುವುದೂ ಇದೇ.

ಇದಕ್ಕೆ ಮದ್ದೇನು? ರೂಢಿ. ಗಜೇಂದ್ರಗಡದಲ್ಲಿ ನೇಕಾರರ ಮನೆಗೆ ಹೊಸದಾಗಿ ಹೋದ ಬೀಗರಿಗೆ ಮಗ್ಗದ ಸದ್ದಿನಲ್ಲಿ ಕಣ್ಣು ಮುಚ್ಚುವುದಿಲ್ಲ. ಆ ಮನೆಯ ಕೂಸು ಮಗ್ಗದ ಪಕ್ಕದಲ್ಲೇ ಸುಖವಾಗಿ ಮಲಗಿರುತ್ತದೆ. ಸದ್ದು ಕಡಿಮೆಯಾಗಿಲ್ಲ, ಮತ್ತೆ ಮತ್ತೆ ಕೇಳಿ, ಅದರಿಂದ ಅಪಾಯವಿಲ್ಲ ಎಂದು ಮಿದುಳು ಕಲಿತಿದೆ. ಪಂದ್ಯದ ಗದ್ದಲವೂ ಹಾಗೆಯೇ. ಒಂದು ಪಂದ್ಯದಿಂದ ಅದು ರೂಢಿಯಾಗದು.

ನೋಡುವವರಿದ್ದರೆ ಆಟ ಏಕೆ ಬದಲಾಗುತ್ತದೆ?

ಈ ಪ್ರಶ್ನೆ ಹಳೆಯದು. ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಎಂಬಾತ ೧೮೯೮ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಸೈಕಲ್ ಪಂದ್ಯಗಳ ದಾಖಲೆ ನೋಡುವಾಗ, ಒಬ್ಬನೇ ಓಡಿಸುವವನಿಗಿಂತ ಜೊತೆಗಾರರಿದ್ದವನು ವೇಗವಾಗಿ ಹೋಗುವುದು ಅವನ ಕಣ್ಣಿಗೆ ಬಿದ್ದಿತ್ತು. ಆಮೇಲೆ ೪೦ ಮಕ್ಕಳಿಗೆ ದಾರದ ರಾಟೆ ತಿರುಗಿಸಲು ಕೊಟ್ಟ: ಒಮ್ಮೆ ಒಬ್ಬೊಬ್ಬರೇ, ಒಮ್ಮೆ ಜೋಡಿಯಾಗಿ. ೨೦ ಮಕ್ಕಳು ಜೋಡಿಯಲ್ಲಿ ಚುರುಕಾದರು. ೧೦ ಮಕ್ಕಳಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಉಳಿದ ೧೦ ಮಕ್ಕಳು ಗಡಿಬಿಡಿಯಲ್ಲಿ ಕೆಟ್ಟರು. ನಮ್ಮ ಹುಡುಗ ಆ ಕೊನೆಯ ಹತ್ತರ ಬಳಗದವನು.

ಯಾರು ಚುರುಕಾಗುತ್ತಾರೆ, ಯಾರು ಕೆಡುತ್ತಾರೆ ಎಂಬುದಕ್ಕೆ ೧೯೬೫ರಲ್ಲಿ ರಾಬರ್ಟ್ ಝಾಯನ್ಸ್ ಎಂಬ ಮನೋವಿಜ್ಞಾನಿ ಒಂದು ಸೂತ್ರ ಕೊಟ್ಟ. ಚೆನ್ನಾಗಿ ರೂಢಿಯಾದ ಕೆಲಸ ಜನರೆದುರು ಇನ್ನೂ ಚೆನ್ನಾಗುತ್ತದೆ. ಇನ್ನೂ ಕೈಗೆ ಹತ್ತದ ಕೆಲಸ ಜನರೆದುರು ಕೆಡುತ್ತದೆ. ೧೯೮೨ರಲ್ಲಿ ಅಮೆರಿಕದಲ್ಲೇ ಮೇಜಿನ ಮೇಲೆ ಚೆಂಡು ತಳ್ಳುವ ಪೂಲ್ ಆಟಗಾರರ ಮೇಲೆ ಇದನ್ನು ಪರೀಕ್ಷಿಸಿದರು. ನಾಲ್ಕು ಜನ ಸುಮ್ಮನೆ ಹತ್ತಿರ ನಿಂತು ನೋಡಿದರು, ಅಷ್ಟೆ. ನುರಿತವರ ಗುರಿ ನೂರಕ್ಕೆ ೭೧ರಿಂದ ೮೦ಕ್ಕೆ ಏರಿತು. ಕಲಿಯುವವರ ಗುರಿ ೩೬ರಿಂದ ೨೫ಕ್ಕೆ ಇಳಿಯಿತು. ಮರುವರ್ಷ ಇಂಥ ೨೪೧ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದವರು ಪರಿಣಾಮ ಇರುವುದು ನಿಜ, ಆದರೆ ಸಾಮಾನ್ಯವಾಗಿ ಅದು ಸಣ್ಣದು ಎಂದರು. ಸಣ್ಣದೇ ಇರಲಿ, ಕಬಡ್ಡಿಯಲ್ಲಿ ಎಷ್ಟೋ ಪಂದ್ಯ ಒಂದು ಅಂಕದಲ್ಲೇ ತೀರ್ಮಾನವಾಗುತ್ತವೆ.

ಹದಿನೈದು ಪಂದ್ಯಗಳ ಲೆಕ್ಕ

ಹಾಗಾದರೆ ಮಕ್ಕಳಿಗೆ ಪಂದ್ಯ ಎಷ್ಟು ಸಿಗುತ್ತವೆ? ಇದನ್ನು ಹಲಗೆಯ ಮೇಲೆ ಬರೆದು ನೋಡೋಣ. ಸೋತವರು ಮನೆಗೆ ಹೋಗುವ ಪದ್ಧತಿಯಲ್ಲಿ ೧೬ ತಂಡಗಳಿವೆ ಎನ್ನಿ. ಒಂದು ಪಂದ್ಯಕ್ಕೆ ಒಂದು ತಂಡ ಹೊರಗೆ ಹೋಗುತ್ತದೆ. ಗೆದ್ದ ಒಂದನ್ನು ಬಿಟ್ಟು ೧೫ ತಂಡ ಹೊರಗೆ ಹೋಗಬೇಕು. ಆದ್ದರಿಂದ ಒಟ್ಟು ೧೫ ಪಂದ್ಯ. ಇದರಲ್ಲಿ ೮ ತಂಡಗಳಿಗೆ ಒಂದೇ ಪಂದ್ಯ, ೪ ತಂಡಗಳಿಗೆ ಎರಡು, ೨ ತಂಡಗಳಿಗೆ ಮೂರು, ಕೊನೆಯ ೨ ತಂಡಗಳಿಗೆ ಮಾತ್ರ ನಾಲ್ಕು. ಯಾರಿಗೆ ಪಂದ್ಯದ ರೂಢಿ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ. ಮತ್ತೆ ಅವರ ಸರದಿ ಬರುವುದು ಮುಂದಿನ ವರ್ಷ.

ಈಗ ಹತ್ತಿರದ ಆರೇ ಊರು ಸೇರಿ, ಪ್ರತಿ ತಂಡ ಉಳಿದೆಲ್ಲ ತಂಡಗಳೊಡನೆ ಆಡುವ ಲೀಗ್ ಮಾಡಿದರೆ? ಆರನ್ನು ಐದರಿಂದ ಗುಣಿಸಿ ಎರಡರಿಂದ ಭಾಗಿಸಿ: ಅದೇ ೧೫ ಪಂದ್ಯ! ಆದರೆ ಇಲ್ಲಿ ಗೆದ್ದವರಿಗೂ ಸೋತವರಿಗೂ ಐದೈದು ಪಂದ್ಯ. ಭಾನುವಾರಕ್ಕೆ ಮೂರರಂತೆ ಐದು ಭಾನುವಾರದಲ್ಲಿ ಮುಗಿಯುತ್ತದೆ. ತಂಡ ೧೬ ಇದ್ದರೆ ಎಲ್ಲರೊಡನೆ ಎಲ್ಲರೂ ಆಡಲು ೧೨೦ ಪಂದ್ಯ ಬೇಕು, ಅದು ಆಗದ ಮಾತು. ನಾಲ್ಕು ತಂಡಗಳ ನಾಲ್ಕು ಗುಂಪು ಮಾಡಿ, ೨೪ ಪಂದ್ಯದಲ್ಲಿ ಎಲ್ಲರಿಗೂ ಮೂರು ಮೂರು ಆಟ ಸಿಗುತ್ತವೆ.

ನಮ್ಮ ಭಾಗದಲ್ಲಿ ಪಂದ್ಯಗಳಿಗೆ ಬರವಿಲ್ಲ. ಜಾತ್ರೆ, ಉರುಸು, ಗಣೇಶ ಹಬ್ಬ ಬಂದರೆ ಹೊನಲು ಬೆಳಕಿನ ಪಂದ್ಯಾವಳಿಯ ಬ್ಯಾನರು ಬಸ್‌ಸ್ಟ್ಯಾಂಡಿನಲ್ಲಿ ತೂಗುತ್ತದೆ. ಆದರೆ ಅವು ಹೆಚ್ಚಾಗಿ ಸೋತರೆ ಮನೆಗೆ ಎನ್ನುವ ಪಂದ್ಯಗಳೇ. ನಡುರಾತ್ರಿ ದಾಟಿ ನಡೆಯುವಂಥವು. ಶಾಲೆಯ ಮಕ್ಕಳಿಗೆ ಬೇಕಾದದ್ದು ಹಗಲಿನ, ಬಹುಮಾನದ ಆಸೆಯಿಲ್ಲದ, ವಾರವಾರದ ಆಟ.

ಹತ್ತೂರ ನೆಲ

ಲೀಗಿನಿಂದ ಇನ್ನೊಂದು ಲಾಭವಿದೆ. ೧೯೭೮ರಲ್ಲಿ ಕೆರ್ ಮತ್ತು ಬೂತ್ ಎಂಬಿಬ್ಬರು ಎಂಟು ವರ್ಷದ ಮಕ್ಕಳಿಗೆ ಸಣ್ಣ ಚೀಲವನ್ನು ಗುರಿಗೆ ಎಸೆಯುವ ಆಟ ಕಲಿಸಿದರು. ಒಂದು ಗುಂಪು ಮೂರೇ ಅಡಿ ದೂರದಿಂದ ಅಭ್ಯಾಸ ಮಾಡಿತು. ಇನ್ನೊಂದು ಗುಂಪು ಎರಡು ಅಡಿ ಮತ್ತು ನಾಲ್ಕು ಅಡಿಯಿಂದ ಎಸೆಯಿತು, ಮೂರು ಅಡಿಯಿಂದ ಎಸೆಯಲೇ ಇಲ್ಲ. ಕೊನೆಗೆ ಎಲ್ಲರಿಗೂ ಮೂರು ಅಡಿಯಲ್ಲಿ ಪರೀಕ್ಷೆ. ಮೂರು ಅಡಿಯಲ್ಲೇ ಅಭ್ಯಾಸ ಮಾಡಿದವರಿಗಿಂತ ಎರಡನೆಯ ಗುಂಪಿನ ಗುರಿ ಚೆನ್ನಾಗಿತ್ತು! ಬೇರೆ ಬೇರೆ ಸನ್ನಿವೇಶಕ್ಕೆ ಕೈ ಹೊಂದಿಸಿಕೊಳ್ಳುವುದನ್ನು ಅವರು ಕಲಿತಿದ್ದರು.

ನಮ್ಮ ಕಡೆಗೆ ಇದನ್ನು ಅನ್ವಯಿಸಿ ನೋಡಿ. ನರಗುಂದ, ರೋಣದ ಎರೆನೆಲ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಒಂದು ಮಳೆಗೆ ಅಂಗಾಲಿಗೆ ಮೆತ್ತುತ್ತದೆ. ಗುಡ್ಡದ ಕಡೆ ಗರಸು ನೆಲ, ಅಲ್ಲಿ ಕಾಲು ಸರ್ರನೆ ಜಾರುತ್ತದೆ. ದೊಡ್ಡ ಪಂದ್ಯಗಳಿಗೆ ಹೋದರೆ ಮ್ಯಾಟಿನ ಮೇಲೆ ಆಟ. ಮೂರರಲ್ಲೂ ಘರ್ಷಣೆ ಬೇರೆ; ತಿರುಗುವಾಗ ಕಾಲಿಗೆ ಸಿಗುವ ಹಿಡಿತವೂ ಬೇರೆ. ಎದುರಾಳಿಗಳೂ ಹಾಗೆಯೇ: ಒಂದೂರಿನವರು ಪಾದ ಹಿಡಿಯುತ್ತಾರೆ, ಇನ್ನೊಂದೂರಿನವರು ಕೈಕೈ ಹಿಡಿದು ಸರಪಳಿ ಹಾಕುತ್ತಾರೆ. ಒಂದೇ ಬಯಲಿನಲ್ಲಿ, ಅದೇ ಗೆಳೆಯರೊಡನೆ ನೂರು ದಿನ ಆಡಿದವನು ಆ ಗೆಳೆಯರನ್ನು ಸೋಲಿಸಲು ಕಲಿತಿರುತ್ತಾನೆ, ಕಬಡ್ಡಿಯನ್ನು ಪೂರ್ತಿ ಕಲಿತಿರುವುದಿಲ್ಲ.

ನಮ್ಮ ಗದುಗಿನ ಸುನಿಲ್ ಜೋಶಿಯವರನ್ನು ನೆನೆಯಿರಿ. ಹುಡುಗನಾಗಿದ್ದಾಗ ಕ್ರಿಕೆಟ್ ಅಭ್ಯಾಸಕ್ಕೆ ಬೆಳಿಗ್ಗೆ ಎದ್ದು ಹುಬ್ಬಳ್ಳಿಗೆ ಹೋಗಿ, ಮತ್ತೆ ಗದುಗಿಗೆ ಬಂದು ಶಾಲೆ ಸೇರುತ್ತಿದ್ದರು. ೧೯೯೬ರಲ್ಲಿ ಭಾರತದ ಪರವಾಗಿ ಟೆಸ್ಟ್ ಆಡಿದರು. ೧೯೯೯ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರುಗಳಲ್ಲಿ ಬರೀ ೬ ರನ್ ಕೊಟ್ಟು ೫ ವಿಕೆಟ್ ಕಿತ್ತರು. ಎಲ್ಲ ಮಕ್ಕಳೂ ಜೋಶಿಯವರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಆಟ ಇದ್ದಲ್ಲಿಗೆ ದಿನಾ ಅಷ್ಟು ದೂರ ಹೋಗಲು ಎಲ್ಲರ ಮನೆಯಲ್ಲೂ ಅನುಕೂಲವಿರದು. ಹಾಗಿರುವಾಗ ಆಟವನ್ನೇ ಊರಿನ ಹತ್ತಿರಕ್ಕೆ ತರುವುದು ಹಿರಿಯರ ಕೆಲಸ.

ಎಚ್ಚರವೂ ಬೇಕು

ಪಂದ್ಯ ಆಡುತ್ತಾ ಹೋದರೆ ಸಾಕು, ಅಭ್ಯಾಸ ಬೇಡ ಎಂದು ಯಾರೂ ತಿಳಿಯಬಾರದು. ಹಿರಿಯರ ಕಬಡ್ಡಿ ಪಂದ್ಯ ೪೦ ನಿಮಿಷ, ಅಂದರೆ ೨,೪೦೦ ಸೆಕೆಂಡು. ಪ್ರತಿ ರೇಡೂ ಪೂರ್ತಿ ಮೂವತ್ತು ಸೆಕೆಂಡು ನಡೆದರೆ ೮೦ ರೇಡು. ನಿಮ್ಮ ತಂಡಕ್ಕೆ ೪೦. ಅದನ್ನು ಮೂರು ನಾಲ್ಕು ಜನ ಹಂಚಿಕೊಂಡರೆ ನಿಮ್ಮ ಪಾಲಿಗೆ ಹತ್ತು ಹನ್ನೆರಡು. ಹೊಸ ಪಟ್ಟೊಂದನ್ನು ಹತ್ತು ಸಲದಲ್ಲಿ ಕಲಿಯಲಾಗದು. ಪಂದ್ಯ ತಪ್ಪನ್ನು ತೋರಿಸುತ್ತದೆ, ಸೋಮವಾರದಿಂದ ಶನಿವಾರದ ಅಭ್ಯಾಸ ಅದನ್ನು ತಿದ್ದುತ್ತದೆ. ಲೀಗಿನ ಗುಣವೆಂದರೆ, ತಿದ್ದಿದ್ದು ಸರಿಯಾಯಿತೇ ಎಂದು ನೋಡಲು ಒಂದು ವರ್ಷ ಕಾಯಬೇಕಿಲ್ಲ, ಮುಂದಿನ ಭಾನುವಾರವೇ ತಿಳಿಯುತ್ತದೆ.

ಇನ್ನೊಂದು ಮಾತು. ೫೫ ಕೆಜಿ, ೬೦ ಕೆಜಿ ಎಂದು ತೂಕದ ಮಿತಿ ಹಾಕಿದ ಪಂದ್ಯಗಳಿಗೆ ಕೆಲವು ಹುಡುಗರು ಎರಡು ದಿನ ಊಟ ಬಿಟ್ಟು, ನೀರು ಬಿಟ್ಟು ತಕ್ಕಡಿ ಹತ್ತುತ್ತಾರೆ. ಬೇಸಿಗೆಯಲ್ಲಿ ಇದು ಜೀವಕ್ಕೇ ಅಪಾಯ. ಇಳಿಯುವುದು ಮೈಯ ನೀರೇ ಹೊರತು ಕೊಬ್ಬಲ್ಲ. ಮೊಣಕಾಲು ಉಳುಕಿದವನಿಗೆ ಪಟ್ಟಿ ಸುತ್ತಿ ಆಡಿಸುವುದೂ ಬೇಡ.

ಸಬಲ, ದುರ್ಬಲ ತಂಡಗಳನ್ನು ಒಟ್ಟಿಗೆ ಆಡಿಸುವುದು ಹೇಗೆ ಎಂದು ಕೇಳುವವರಿಗೆ ಗಾಲ್ಫಿನವರ ಒಂದು ಪದ್ಧತಿ ಹೇಳುತ್ತೇನೆ. ಬೆಂಗಳೂರಿನಲ್ಲಿ ೧೮೭೬ರಿಂದಲೂ ಗಾಲ್ಫ್ ಕ್ಲಬ್ ಇದೆ. ಅದು ನಮ್ಮೂರ ಬಯಲಿನ ಆಟವಲ್ಲ, ನಿಜ. ಆದರೆ ಅಲ್ಲಿ ಪ್ರತಿಯೊಬ್ಬರಿಗೂ ‘ಹ್ಯಾಂಡಿಕ್ಯಾಪ್’ ಎಂಬ ಅಂಕಿ ಇರುತ್ತದೆ. ಹಿಂದೆ ಆಡಿದ ಆಟಗಳ ದಾಖಲೆಯಿಂದ ಅದನ್ನು ತೆಗೆಯುತ್ತಾರೆ. ಕಲಿಯುವವನಿಗೆ ಅಷ್ಟು ಹೊಡೆತಗಳ ರಿಯಾಯಿತಿ. ಆಟ ಸುಧಾರಿಸಿದಂತೆ ರಿಯಾಯಿತಿ ಇಳಿಯುತ್ತದೆ. ಹೀಗೆ ಹೊಸಬನೂ ನುರಿತವನೂ ಒಟ್ಟಿಗೆ ಆಡಬಹುದು. ಜೊತೆಗೆ ಪ್ರತಿಯೊಬ್ಬನೂ ನಿನ್ನೆಯ ತನ್ನೊಡನೆಯೇ ಸ್ಪರ್ಧಿಸುತ್ತಾನೆ. ನಾವೂ ಹೊಸ ತಂಡಕ್ಕೆ ಐದು ಅಂಕ ಮುಂಗಡ ಕೊಟ್ಟು ಆಟ ಶುರು ಮಾಡಬಹುದಲ್ಲ?

ಪಾಲಕರಿಗೆ ಒಂದು ಮಾತು

ನಿಮ್ಮ ಚಿಂತೆ ನನಗೆ ಗೊತ್ತು: “ಆಟ ಆಡಿದರೆ ಮಾರ್ಕ್ಸು?” ಐದು ಭಾನುವಾರದ ಮಧ್ಯಾಹ್ನಗಳು ಯಾರ ಮಾರ್ಕ್ಸನ್ನೂ ತಿನ್ನುವುದಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ಆಡುವ ಪಂದ್ಯ ಬೇಡ ಎನ್ನಿ, ನಾನೂ ಒಪ್ಪುತ್ತೇನೆ. ಆದರೆ ಆಟವನ್ನೇ ಬಿಡಿಸಬೇಡಿ. ನಾನು ಒಬ್ಬನಿಗೆ ಬಿಡಿಸಿದ್ದೇನೆ. ಅದರಿಂದ ಅವನ ಅಂಕವೇನೂ ಏರಲಿಲ್ಲ.

ಹೋದ ವರ್ಷ ನಮ್ಮ ದೈಹಿಕ ಶಿಕ್ಷಕರೊಡನೆ ಮಾತಾಡಿ, ಸುತ್ತಲಿನ ಶಾಲೆಗಳವರನ್ನು ಕೇಳಿ, ಹುಡುಗಿಯರ ಆರು ತಂಡ ಕೂಡಿಸಿದೆವು. ಹೆಸರು ಬಿತ್ತನೆಯ ಗಡಿಬಿಡಿ ಮುಗಿದ ಮೇಲೆ ಐದು ಭಾನುವಾರ ಆಟ. ಬಹುಮಾನವಿಲ್ಲ, ಆಟ ಮುಗಿದ ಮೇಲೆ ಎರಡೂ ತಂಡಗಳಿಗೆ ಒಟ್ಟಿಗೆ ಗಿರಮಿಟ್ಟು, ಮಿರ್ಚಿ, ಚಹಾ.

ಮೊದಲ ಭಾನುವಾರ ಆ ಹುಡುಗಿ ತಂದೆಯ ಹಾಗೆಯೇ ಉಸಿರು ಕಡಿದು ಔಟಾದಳು. ಹಗ್ಗದಾಚೆ ನಿಂತ ತಂದೆಯ ಮುಖ ನೋಡಲಾಗಲಿಲ್ಲ. ನಾನು ಏನೂ ಅನ್ನಲಿಲ್ಲ. ಮರುದಿನ ಮಾತ್ರ, ಗೆರೆ ದಾಟುವ ಮುಂಚೆ ಮೂರು ಸಲ ಹೊಟ್ಟೆ ತುಂಬ ಉಸಿರೆಳೆದು ಬಿಡಲು ಹೇಳಿಕೊಟ್ಟೆ. ಎರಡನೆಯ ವಾರವೂ ಹೆಚ್ಚು ಕಡಿಮೆ ಅದೇ ಹಾಡು. ಮೂರನೆಯ ವಾರ ಅರ್ಧ ರೇಡು. ಐದನೆಯ ಭಾನುವಾರ ಅವಳು ಮೂವತ್ತು ಸೆಕೆಂಡಿನ ಅಂಚಿನವರೆಗೆ ಉಸಿರು ಹಿಡಿದು, ಅಂಕವಿಲ್ಲದಿದ್ದರೂ ಸುರಕ್ಷಿತವಾಗಿ ಗೆರೆಗೆ ಮರಳಿದಳು. ತಂದೆ ಬೆರಳು ಮಡಿಚಿ ಸೆಕೆಂಡು ಎಣಿಸುತ್ತಿದ್ದ. ತಾಲೂಕು ಪಂದ್ಯದಲ್ಲಿ ನಮ್ಮ ತಂಡ ಎರಡನೆಯ ಸುತ್ತಿನಲ್ಲಿ ಸೋತಿತು. ಆದರೆ ಅವಳ ಕಾಲು ಹುಗಿದುಕೊಳ್ಳಲಿಲ್ಲ.

ಆ ದಿನ ಸಂಜೆ ಅವಳ ತಂದೆಗೆ ನಾನು ಹೇಳಬೇಕಾದ ಮಾತು ಹೇಳಿದೆ: “ಅವತ್ತು ಬಸ್ಸಿನ್ಯಾಗ ನಾ ಆಡಿದ ಮಾತು ತಪ್ಪಪಾ.” ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರ್ಲಿ ಬಿಡ್ರಿ ಸರ್, ಈ ವರ್ಷನೂ ಮ್ಯಾಚ್ ಇಡ್ತೀರಿಲ್ರಿ?” ಎಂದ.

ಇಟ್ಟಿದ್ದೇವೆ. ನಿಮ್ಮೂರಿನಲ್ಲೂ ಇಡಬಹುದು. ವಿದ್ಯಾರ್ಥಿಗಳೇ, ಆಡುವವರೆಲ್ಲ ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಪಂದ್ಯದ ನಂತರ ಮೂರೇ ಸಾಲು ಬರೆಯಿರಿ: ಏನು ಸರಿಯಾಯಿತು, ಏನು ತಪ್ಪಿತು, ಈ ವಾರ ಏನನ್ನು ತಿದ್ದುತ್ತೇನೆ. ಐದು ಪಂದ್ಯ ಆಗುವತನಕ ನಿಮ್ಮ ಬಗ್ಗೆ ನೀವೂ ತೀರ್ಮಾನ ಬರೆಯಬೇಡಿ. ಬೇರೆಯವರು ಬರೆದರೆ, ಅವರು ನಿಮ್ಮ ಮಾಸ್ತರರೇ ಆಗಿದ್ದರೂ, ನಂಬಬೇಡಿ.